ನಡುಗೋಡೆಯ ಮೇಲಿನ ಗಾಜಿನ ಪಟ್ಟಿ

ಇಡೀ ಆಳಂದ ನನ್ನ ಗಂಟಲಲ್ಲಿ ಅದ ಅಂತ ನಾನು ಹೇಳಿಕೊಂಡು ತಿರುಗುತ್ತಿದ್ದೆ. ಖಜೂರಿ ಬಸ್ಸಿನ ಕಂಡಕ್ಟರ್ ಮೂಗಿನಿಂದ ಕೂಗುವುದು, ಸಾಲಿ ಮಾಸ್ತರರು ಬೈಯುವ ಮುಂಚೆ ಕನ್ನಡಕ ಒರೆಸುತ್ತ ಕೆಮ್ಮುವುದು, ನಮ್ಮ ಅವ್ವ ಫೋನಿನಲ್ಲಿ ತಂಗಿಗೆ ಗುಟ್ಟು ಹೇಳುತ್ತೇನೆಂದು ಓಣಿಗೆಲ್ಲ ಕೇಳಿಸುವುದು, ಯಾವುದನ್ನೂ ಬಿಟ್ಟಿರಲಿಲ್ಲ. ನನ್ನನ್ನೂ ಬಿಟ್ಟಿರಲಿಲ್ಲ. ಹೆಣ್ಣು ನೋಡಲು ಹೋದಲ್ಲಿ ಹೆಸರು ಹೇಳುವಷ್ಟರಲ್ಲಿ ಮೂರು ಸಲ ನೀರು ಕುಡಿದಿದ್ದೆನಲ್ಲ, ಅದನ್ನು ಮದುವೆಗಳ ಸ್ಟೇಜಿನ ಮೇಲೆ ನಾನೇ ಮಾಡಿ ತೋರಿಸುತ್ತಿದ್ದೆ. ಒಮ್ಮೆ ಅದೇ ಹುಡುಗಿಯ ಮದುವೆಯಲ್ಲೇ ಮಾಡಿದೆ. ಮದುಮಗ ಎಲ್ಲರಿಗಿಂತ ಜೋರಾಗಿ ನಕ್ಕ.

ಆದರೆ ಒಂದು ದಿನ, ಬಿಸಿಲು ಏರಿದ ಹೊತ್ತಿನಲ್ಲಿ, ಓಣಿಯ ಜನವೆಲ್ಲ ನನ್ನ ಬಾಯಿಯನ್ನೇ ನೋಡುತ್ತ ನಿಂತಾಗ ನನ್ನ ಗಂಟಲಿನಿಂದ ಏನೂ ಹೊರಡಲಿಲ್ಲ. ಆ ಹೆದರಿಕೆ ಈಗಲೂ ಹೋಗಿಲ್ಲ.

ನಮ್ಮ ಮನೆ ಹಳೇ ಹತ್ತಿ ಮಿಲ್ಲಿಗೆ ಹೋಗುವ ರಸ್ತೆಯಲ್ಲಿದೆ. ಮಿಲ್ಲು ಮುಚ್ಚಿದಾಗ ನಾನಿನ್ನೂ ಹುಟ್ಟಿರಲಿಲ್ಲ. ನನಗೆ ಗೊತ್ತಿರುವ ಮಿಲ್ಲು ಅಂದರೆ ಒಂದು ಚಿಮಣಿ, ತುಕ್ಕು ಹಿಡಿದ ಗೇಟು, ಜಾಲಿ ಕಂಟಿ. ಇದೇ ಜಾಗದಲ್ಲಿ ಹೊಸ ಬಸ್ ಸ್ಟ್ಯಾಂಡ್ ಆಗುತ್ತದೆ, ಅದಕ್ಕೆ ನಮ್ಮ ರಸ್ತೆ ಅಗಲ ಆಗುತ್ತದೆ ಎಂದು ಒಂದು ದಿನ ಗೇಟಿಗೆ ನಕ್ಷೆ ಅಂಟಿಸಿದರು. ಸುಳ್ಳು ಯಾಕೆ ಹೇಳಲಿ, ರಸ್ತೆ ಬೇಕಾಗಿತ್ತು. ಅಫಜಲಪುರದ ಬಸ್ಸಿಗೆ ಜೇವರ್ಗಿಯ ಬಸ್ಸು ಎದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕು. ಯಾವುದು ಹೋಗಬೇಕು ಅನ್ನುವುದು ತೀರ್ಮಾನವಾಗುವಷ್ಟರಲ್ಲಿ ಅವ್ವ ಹತ್ತು ರೊಟ್ಟಿ ಬಡಿದು ಮುಗಿಸುತ್ತಿದ್ದಳು. ಅವ್ವನದು ಖಡಕ್ ರೊಟ್ಟಿ ವ್ಯಾಪಾರ. ಅವಳು ಬಡಿದ ರೊಟ್ಟಿ ನಾನು ಗಂಟು ಕಟ್ಟಿ, ಅದೇ ಬಸ್ಸುಗಳ ಕಂಡಕ್ಟರರ ಕೈಯಲ್ಲಿ ಎರಡೂ ಊರಿನ ಖಾನಾವಳಿಗಳಿಗೆ ಕಳಿಸುತ್ತೇನೆ. ಬಸ್ ಸ್ಟ್ಯಾಂಡ್ ಮನೆ ಮುಂದೆಯೇ ಬರುತ್ತದೆ ಎಂದು ಅವ್ವ ಖುಷಿಪಟ್ಟಳು. ಕಲಬುರ್ಗಿಯಿಂದ ಇಂಜಿನಿಯರ್ ಸಾಹೇಬರು ಬಂದು ನಮ್ಮ ಗೋಡೆಗಳ ಮೇಲೆ ಕೆಂಪು ಗೆರೆ ಎಳೆಸುವವರೆಗೆ ಮಾತ್ರ.

ಸಾಲಿನ ಪ್ರತಿ ಮನೆಯಿಂದ ಮುಂದಿನ ಒಂದು ಅಂಕಣ, ಅಂದರೆ ಒಂದು ತೊಲೆಯಿಂದ ಇನ್ನೊಂದು ತೊಲೆಯವರೆಗಿನ ಭಾಗ, ಹೋಗುತ್ತದೆ ಅಂದರು. ನಮಗೆ ಅದು ಅವ್ವ ರೊಟ್ಟಿ ಬಡಿಯುವ ಅಂಕಣ. ಬಾಜು ಮನೆ ಕಾಕಾಗೆ ಅದು ಅವನು ಹಗಲಿಡೀ ಕೂಡುವ ಅಂಕಣ. ಕಾಕಾ ನಮಗೆ ರಕ್ತಸಂಬಂಧಿಯಲ್ಲ. ಆದರೆ ಎರಡೂ ಮನೆಗೆ ಇರುವುದು ಒಂದೇ ನಡುಗೋಡೆ. ಅವನ ತೊಲೆಯ ತಲೆ, ನಮ್ಮ ತೊಲೆಯ ತಲೆ ಎರಡೂ ಆ ಗೋಡೆಯ ಒಂದೇ ಗೂಡಿನಲ್ಲಿ ಕೂತಿವೆ. ಮೇಲೆ ಮಣ್ಣಿನ ಮಾಳಿಗೆ. ಒಂದು ಕಡೆ ಜಗ್ಗಿದರೆ ಇನ್ನೊಂದು ಕಡೆಯೂ ಬರುತ್ತದೆ.

ಅದಕ್ಕೇ ನಮ್ಮ ಕಡೆ ಇಂಥ ಹೊತ್ತಿನಲ್ಲಿ ಯಾರೂ ಜೆಸಿಬಿಗೆ ಕಾಯುವುದಿಲ್ಲ. ಮೊದಲು ಎರಡೂ ಮನೆಯವರು ಕೂಡಿ ತೊಲೆಗಳ ಕೆಳಗೆ ಟೇಕು ಕೊಡುತ್ತಾರೆ, ಅಂದರೆ ಗಟ್ಟಿ ಕಂಬ ನಿಲ್ಲಿಸುತ್ತಾರೆ. ಆಮೇಲೆ ತಮ್ಮ ಮುಂದಿನ ಅಂಕಣ ತಾವೇ ಬಿಚ್ಚಿಕೊಳ್ಳುತ್ತಾರೆ. ಜಂತಿ, ಬಾಗಿಲು, ಕಲ್ಲು ಉಳಿಯುತ್ತವೆ. ಹಿಂದಿನ ಮನೆ ನಿಲ್ಲುತ್ತದೆ. ಓಣಿಯ ಎಲ್ಲರೂ ಹಾಗೇ ಶುರು ಮಾಡಿದರು. ಕಾಕಾ ಮಾತ್ರ ಕದಲಲಿಲ್ಲ. ಕಾಕಿಯನ್ನು, ಭಾಂಡೆ ಸಾಮಾನನ್ನು ಮಟಕಿ ಊರಿನಲ್ಲಿದ್ದ ಮಗಳ ಮನೆಗೆ ಕಳಿಸಿದ. ಟೇಕಿಗೆ ಎಂದು ನಾನೂ ಅವನೂ ಕೂಡಿ ತಂದ ಕಂಬಗಳನ್ನು ಗೋಡೆಗೆ ಒರಗಿಸಿ, ಅವುಗಳ ಪಕ್ಕದಲ್ಲಿ ತಾನೂ ಒರಗಿ ಕೂತುಬಿಟ್ಟ.

ಕಾಕಾ ಮಿಲ್ಲಿನಲ್ಲಿ ಮಷೀನು ನೋಡಿಕೊಳ್ಳುತ್ತಿದ್ದವನು. ಅಷ್ಟೂ ಮಷೀನುಗಳ ಗದ್ದಲದೊಳಗೆ ಯಾವುದರ ಬೇರಿಂಗ್ ಹೋಗಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದನಂತೆ. "ಕಣ್ಣ ಮೋಸ ಮಾಡ್ತಾವ ಲೇ, ಕಿವಿ ಮಾಡಂಗಿಲ್ಲ" ಅನ್ನುವುದು ಅವನ ಮಾತು. ನಾನು ಚಿಕ್ಕವನಿದ್ದಾಗ ಮಿಲ್ಲಿನ ಭೋಂಗಾ ಹೇಗೆ ಕೂಗುತ್ತಿತ್ತು ಎಂದು ಕಲಿಸಿದವನು ಅವನೇ. ನನ್ನ ಮೊದಲ ನಕಲಿ ಅದು, ಕೇಳಿ ಮೊದಲು ನಕ್ಕವನೂ ಅವನು. ಅಂಥವನು ಗೆರೆ ಬಿದ್ದಾಗಿನಿಂದ ನಕ್ಕಿರಲಿಲ್ಲ. ಅವ್ವ ಕೊಟ್ಟ ರೊಟ್ಟಿ ಮುರಿದು ಮುರಿದು ಪುಡಿ ಮಾಡಿ ಗುಬ್ಬಿಗೆ ಹಾಕುತ್ತಿದ್ದ.

ಆಗ ನನಗೊಂದು ಶಾಣ್ಯಾತನ ಹೊಳೆಯಿತು. ಆ ದಿನಗಳಲ್ಲಿ ನನ್ನ ಅತಿ ಹೆಸರಾದ ಧ್ವನಿ ಇಂಜಿನಿಯರ್ ಸಾಹೇಬರದು. ಅವರು ಮಾತಿಗೆ ಮುಂಚೆ ಎರಡು ಸಲ "ಹಾಂ... ಹಾಂ..." ಅನ್ನುತ್ತಾರೆ, ಉಸಿರು ಮೂಗಿನಲ್ಲಿ ಎಳೆಯುತ್ತಾರೆ, ಆಮೇಲೆ "ಏನದ ನೋಡ್ರಿ, ಪ್ಲಾನಿನಾಗ ಏನದ ಅದೇ ಅದ" ಅನ್ನುತ್ತಾರೆ. ಚಹಾದ ಹೋಟೆಲಿನಲ್ಲಿ ನಾನು ಅದನ್ನು ಮಾಡಿದರೆ ಜನ ಕಪ್ಪು ಕೆಳಗಿಟ್ಟು ನಗುತ್ತಿದ್ದರು. ಒಂದು ಮುಂಜಾನೆ ಅದೇ ಹೋಟೆಲಿನ ಹಿಂದೆ ನಿಂತು, ಕಾಕಾಗೆ ಗೊತ್ತಿಲ್ಲದ ನನ್ನ ಎರಡನೇ ನಂಬರಿನಿಂದ ಅವನಿಗೆ ಫೋನ್ ಹಚ್ಚಿದೆ.

"ಹಾಂ... ಹಾಂ... ಯಜಮಾನ್ರ, ನಾ ಇಂಜಿನಿಯರ್ ಮಾತಾಡಾಕತ್ತೇನಿ. ಏನದ ನೋಡ್ರಿ, ಪ್ಲಾನ್ ಬದಲಾಗ್ಯಾದ. ರಸ್ತಾ ಎದುರಿನ ಕಡೀ ಸರೀತು. ನಿಮ್ಮ ಮನಿ ಉಳೀತ್ರಿ."

ಆ ಕಡೆಯಿಂದ, "ಖರೇನ್ರೀ ಸಾಹೇಬ್ರ?"

"ಪ್ಲಾನಿನಾಗ ಏನದ ಅದೇ ಅದರೀ" ಅಂದು ಇಟ್ಟುಬಿಟ್ಟೆ. ಐದು ನಿಮಿಷದಲ್ಲಿ ಹೋಗಿ ಎದುರಿಗೆ ಮತ್ತೊಮ್ಮೆ "ಹಾಂ... ಹಾಂ..." ಅನ್ನಬೇಕು, ಅವನು ಚಪ್ಪಲಿ ಎಸೆಯಬೇಕು, ಇಬ್ಬರೂ ನಗಬೇಕು. ನನ್ನ ಲೆಕ್ಕ ಅಷ್ಟೇ ಇತ್ತು.

ಹೋಗಿ ನೋಡಿದರೆ ಕಾಕಾ ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿ ಅಳುತ್ತಿದ್ದ. ನನ್ನನ್ನು ಕಂಡವನೇ ತಬ್ಬಿಕೊಂಡ. "ಉಳೀತು ಲೇ ಮಗಾ, ಉಳೀತು!" ಅವನ ಗಡ್ಡ ನನ್ನ ಕೆನ್ನೆಗೆ ಒತ್ತಿತು. ಬಾಯಿ ತೆರೆದೆ. ಅಷ್ಟರಲ್ಲಿ ಅವನು ಒಳಗಿಂದ ಸಕ್ಕರೆ ತಂದು ಅದೇ ಬಾಯಿಗೆ ಹಾಕಿದ.

ಸಂಜೆ ಹೇಳಿದರಾಯಿತು ಅಂದುಕೊಂಡೆ. ಸಂಜೆ ಅವನು ಸೀಮೆಎಣ್ಣೆ ಬಟ್ಟೆ ಹಿಡಿದು ಕೆಂಪು ಗೆರೆ ಉಜ್ಜುತ್ತಿದ್ದ. ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನ ಟೇಕಿನ ಕಂಬಗಳನ್ನು ಎದುರಿನ ಮನೆಯವರಿಗೆ ಕೊಟ್ಟುಬಿಟ್ಟ. "ನಮಗ್ಯಾಕ ಬೇಕು ಇನ್ನ? ಅವರದು ಹೋಗ್ತದ ಪಾಪ."

ಕಂಬಗಳು ರಸ್ತೆ ದಾಟಿ ಹೋಗುವುದನ್ನು ನೋಡುತ್ತ ನಿಂತೆ. ಅದಕ್ಕಿಂತ ಕೆಟ್ಟದ್ದು ಮನೆಯಲ್ಲಿ ಕಾದಿತ್ತು. ಖಾಲಿ ಮಾಡಿದ್ದ ಮುಂದಿನ ಅಂಕಣಕ್ಕೆ ಅವ್ವ ತನ್ನ ರೊಟ್ಟಿ ಒಲೆ ವಾಪಸ್ ತಂದಿದ್ದಳು.

"ಇದ್ಯಾಕ ಬೇ ಅವ್ವಾ?"

"ಯಾಕಂದ್ರ? ಬಾಜು ಮನಿ ಅಣ್ಣಾಗ ಸಾಹೇಬ್ರೇ ಫೋನ್ ಮಾಡ್ಯಾರಂತಲ್ಲೋ. ಅವರದು ಉಳೀತಂದ್ರ ನಮ್ಮದೂ ಉಳೀತು. ಒಂದೇ ಗ್ವಾಡಿ."

ಊರಿಗೆಲ್ಲ ಟೋಪಿ ಹಾಕುವ ಮಗ ಕಡೆಗೆ ಹೆತ್ತವಳಿಗೇ ಹಾಕಿದ್ದ. ಆ ರಾತ್ರಿ ಮಲಗಿ ಮೇಲೆ ನೋಡಿದರೆ ಜಂತಿಗಳೆಲ್ಲ ನನ್ನನ್ನೇ ಎಣಿಸುತ್ತಿರುವಂತೆ ಕಂಡವು.

ಮೂರನೇ ಮುಂಜಾನೆ ಆಟೋ ಒಂದು ಮೈಕು ಕಟ್ಟಿಕೊಂಡು ಓಣಿಗೆ ಬಂತು. ಇವತ್ತೇ ಕೆಲಸ ಶುರು, ಮುಂದಿನ ಅಂಕಣ ಖಾಲಿ ಮಾಡಿರಿ ಎಂದು ಒದರುತ್ತ ಹೋಯಿತು. ಅವ್ವ ಹಿಟ್ಟು ನಾದುತ್ತ, "ನಮಗಲ್ಲ ಬಿಡು" ಅಂದಳು.

"ನಮಗೇ ಬೇ" ಅಂದೆ. ಎಲ್ಲ ಹೇಳಿದೆ.

ಬಡಿಯುತ್ತಾಳೆ ಅಂದುಕೊಂಡಿದ್ದೆ, ಕೈಗೆ ಸಿಗುವ ಹಾಗೆ ಹತ್ತಿರವೇ ಕೂತಿದ್ದೆ. ಅವಳು ಬಡಿಯಲಿಲ್ಲ. ತವೆಯ ಮೇಲಿದ್ದ ರೊಟ್ಟಿ ಹೊತ್ತುವ ತನಕ ಸುಮ್ಮನೆ ನನ್ನ ಮುಖ ನೋಡಿದಳು. ನಮ್ಮ ಅವ್ವ ರೊಟ್ಟಿ ಹೊತ್ತಿಸಿದ್ದನ್ನು ನಾನು ಅವತ್ತೇ ನೋಡಿದ್ದು. ಆಮೇಲೆ ಬರಿಗೈಯಲ್ಲೇ ತವೆ ಇಳಿಸಿದಳು.

"ಮೊದಲ ಅಣ್ಣಾಗ ಹೇಳು. ಓಡು."

ಓಡಿದೆ. ಕಾಕಾ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ. "ಕಾಕಾ, ಸಾಹೇಬ್ರು ಫೋನ್ ಮಾಡಿಲ್ರಿ. ಮಾಡಿದಂವ ನಾನು" ಅಂದೆ.

ಅವನು ನಕ್ಕ. ಎಷ್ಟೋ ದಿನದ ಮೇಲೆ ಬಾಯಿ ತುಂಬ ನಕ್ಕ. "ಛಲೋ ಅದ ಲೇ. ಅಂಜಿದಂವನ ನಕಲಿ ಎಲ್ಲಿ ಕಲ್ತಿ? ಕಾಲು ಸೈತ ನಡುಗಸಾಕತ್ತಿ!"

"ಖರೇನೇ ಹೇಳಾಕತ್ತೇನ್ರೀ! ನಂಬರ್ ನೋಡ್ರಿ ಬೇಕಾದ್ರ, ನಂದೇ ಅದ."

"ನಂಬರ ನನಗೇನ್ ತಿಳೀತದ? ಧ್ವನಿ ತಿಳೀತದ. ಸಾಹೇಬ್ರದು ನಾ ಕೇಳೇನಿ, ನಿಂದೂ ಕೇಳೇನಿ. ಹೋಗು, ಮಸ್ಕಿರಿ ಸಾಕು."

ಇಪ್ಪತ್ತು ವರ್ಷ ಊರನ್ನೆಲ್ಲ ಮಸ್ಕಿರಿ ಮಾಡಿದವನಿಗೆ ಖರೆ ಹೇಳಲು ಒಂದು ಧ್ವನಿಯೂ ಉಳಿದಿರಲಿಲ್ಲ. ಅಳಬೇಕೆಂದೆ. ಅತ್ತರೂ ನಕಲಿ ಅನ್ನುತ್ತಾನೆ.

ಅಷ್ಟರಲ್ಲಿ ಮಿಲ್ಲಿನ ಗೇಟಿನ ಕಡೆಯಿಂದ ಜೆಸಿಬಿ ಬಂತು. ಅದು ಬರುವುದು ಕಿವಿಗಿಂತ ಮೊದಲು ಕಾಲಿಗೆ ತಿಳಿಯಿತು. ಕಟ್ಟೆಯ ಕಲ್ಲು ಸಣ್ಣಗೆ ನಡುಗುತ್ತಿತ್ತು. ಹಿಂದೆ ಇಂಜಿನಿಯರ್ ಸಾಹೇಬರು, ಇಬ್ಬರು ಪೊಲೀಸರು. ಮುಂದಿನ ಅಂಕಣ ಬಿಚ್ಚಿ ಮುಗಿಸಿದ್ದ ಮನೆಗಳ ಮುಂದೆ ಅದು ಮಣ್ಣು ಬಳಿದುಕೊಂಡು ಸರಸರ ಬಂತು. ಕಾಕಾನ ಮನೆ ಮುಂದೆ ನಿಂತಿತು.

"ಯಜಮಾನ್ರ, ಇನ್ನಾ ಬಿಚ್ಚೇ ಇಲ್ಲಲ್ರಿ!" ಅಂದರು ಸಾಹೇಬರು.

"ನೀವೇ ಬ್ಯಾಡಂದ್ರೆಲ್ರಿ ಸಾಹೇಬ್ರ. ಫೋನ್ ಮಾಡಿ ಹೇಳೀರಿ."

"ನಾನಾ? ನಾ ಯಾರಿಗೂ ಫೋನ್ ಮಾಡಿಲ್ಲ."

ಕಾಕಾನ ಮುಖ ಬದಲಾಯಿತು. ಸಿಟ್ಟಲ್ಲ. ಸಾಹೇಬ ಮಾತು ಕೊಟ್ಟು ತಿರುಗಿಬಿದ್ದ ಅಂದುಕೊಂಡ ಮುಖ. "ಈ ಕಿವಿಲೇ ಕೇಳೇನಿ. ಈಗ ಇಲ್ಲ ಅಂತೀರಿ?" ಅಂದವನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಚಿಲಕ ಸರಿದದ್ದು ಕೇಳಿಸಿತು. "ಕೆಡವ್ರಿ ನೋಡೋಣು!" ಅಂತ ಒಳಗಿಂದ ಕೂಗಿದ.

ನಾನು ಸಾಹೇಬರ ಕೈ ಹಿಡಿದೆ. "ಸರ, ಒಳಗ ಟೇಕು ಇಲ್ರಿ. ಮುಂದಿಂದು ಎಳದ್ರ ನಡುಗ್ವಾಡಿ ಬರ್ತದ. ಎರಡೂ ಮಾಳಿಗಿ ಅವರ ಮ್ಯಾಲೇ ಬೀಳ್ತಾವ."

"ಹಂಗಾದ್ರ ಅವರನ್ನ ಹೊರಗ ಕರೀರಿ ಮೊದಲ. ನನಗ ಸಂಜೀಗೆ ಈ ಸಾಲು ಮುಗೀಬೇಕು."

ಪೊಲೀಸರೊಬ್ಬರು ಬಾಗಿಲು ಬಡಿದರು. ಚೌಕಟ್ಟಿನ ಮೇಲಿನಿಂದ ಮಣ್ಣು ಉದುರಿತು. ಇನ್ನೊಬ್ಬರು ಭುಜ ಕೊಟ್ಟು ನೂಕಲು ಹಿಂದೆ ಸರಿದಾಗ ಅವ್ವ ಅಡ್ಡ ನಿಂತಳು. "ಹಂಗ ನೂಕಬ್ಯಾಡ್ರಿ ಸಾಹೇಬ್ರ, ಬಾಗಿಲ ಮ್ಯಾಲೇ ತೊಲಿ ಅದ!" ಆಮೇಲೆ ನನ್ನ ಕಡೆ ತಿರುಗಿದಳು. "ಏನ್ ನೋಡ್ತಿ? ಮಾಡಿ ತೋರಿಸು. ಅದೇ ಧ್ವನೀಲೇ ಹೇಳು ಅವಗ."

ಸಾಹೇಬರ ಎದುರಿಗೆ ಸಾಹೇಬರ ಧ್ವನಿ. ಎರಡೂ ಕಡೆ ಪೊಲೀಸರು. ಹೋಟೆಲಿನಲ್ಲಿ ಕಪ್ಪು ಕೆಳಗಿಟ್ಟು ನಗುತ್ತಿದ್ದ ಜನವೆಲ್ಲ ಅಲ್ಲೇ ನಿಂತಿತ್ತು. ಬಾಗಿಲಿಗೆ ಬಾಯಿ ಹಚ್ಚಿದೆ. "ಹಾಂ" ಅನ್ನಬೇಕೆಂದರೆ ಒಣ ಗಾಳಿ ಬಂತು, ಅಷ್ಟೇ. ನಾಲಿಗೆ ಮೇಲಕ್ಕೆ ಅಂಟಿಕೊಂಡಿತ್ತು. ಮತ್ತೆ ಪ್ರಯತ್ನಿಸಿದರೆ ಕುರಿ ಕೆಮ್ಮಿದಂತೆ ಏನೋ ಹೊರಟಿತು. ಯಾರೂ ನಗಲಿಲ್ಲ. ನಗದ ಜನದ ಮುಂದೆ ನಿಲ್ಲುವುದು ಹೇಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವ್ವ ತಂಬಿಗೆ ಕೊಟ್ಟಳು. ಹೆಣ್ಣು ನೋಡಲು ಹೋದಾಗಿನ ಹಾಗೆ ಮೂರು ಸಲ ಕುಡಿದೆ. ಈ ಸಲ ಅದು ನಗೆಯ ಮಾತಾಗಿರಲಿಲ್ಲ. ಕಣ್ಣು ಮುಚ್ಚಿದೆ.

"ಹಾಂ... ಹಾಂ... ಯಜಮಾನ್ರ, ನಾ ಇಂಜಿನಿಯರ್ ಮಾತಾಡಾಕತ್ತೇನಿ. ಏನದ ನೋಡ್ರಿ, ಪ್ಲಾನ್ ಬದಲಾಗ್ಯಾದ."

ನನ್ನ ಹಿಂದೆ ಜೆಸಿಬಿಯ ಡ್ರೈವರ್ ಇಂಜಿನ್ ಬಂದ್ ಮಾಡಿದ. ಒಳಗಿಂದ ಕಾಕಾನ ಧ್ವನಿ, ಬಾಗಿಲಿಗೆ ಕಿವಿ ಹಚ್ಚಿದಷ್ಟು ಹತ್ತಿರದಿಂದ:

"ಇನ್ನೊಮ್ಮೆ ಅನ್ನು."

"ನಿಮ್ಮ ಮನಿ ಉಳೀತ್ರಿ. ಪ್ಲಾನಿನಾಗ ಏನದ ಅದೇ ಅದರೀ."

ಚಿಲಕ ಸರಿಯಿತು. ಹೊರಗೆ ಬಂದ ಕಾಕಾ ನನ್ನನ್ನು ನೋಡಲಿಲ್ಲ. ಒಂದು ಕೈ ಕಿವಿಯ ಮೇಲಿತ್ತು, ಯಾರೋ ಅಲ್ಲಿಗೇ ಹೊಡೆದ ಹಾಗೆ. "ಎಷ್ಟು ಹೊತ್ತು ಕೊಡ್ತೀರಿ?" ಅಂತ ಸಾಹೇಬರನ್ನು ಕೇಳಿದ.

ಸಾಹೇಬರು ನನ್ನನ್ನೇ ನೋಡುತ್ತಿದ್ದರು. ಪೊಲೀಸರಿಗೆ ಒಪ್ಪಿಸುತ್ತಾರೆ ಅಂತ ನಾನು ಕೈ ಕೂಡಿಸಿ ನಿಂತಿದ್ದೆ. "ನಾ ಹಂಗ ಮಾತಾಡ್ತೇನೇನ್ರಿ?" ಅಂತ ಪೊಲೀಸರನ್ನು ಕೇಳಿದರು. ಪೊಲೀಸರು ಚಿಮಣಿಯ ಕಡೆ ನೋಡಿದರು. "ಹಾಂ... ಹಾಂ..." ಅಂದ ಸಾಹೇಬರು ಅಲ್ಲೇ ತಡೆದುಕೊಂಡು, "ಎರಡು ತಾಸು. ಟೇಕು ಕೊಡೋ ತನಕ ಜೆಸಿಬಿ ಮುಟ್ಟಿಸಂಗಿಲ್ಲ. ಮೊದಲ ಆಚೀ ಕಡೀದು ಮಾಡ್ಕೊಂಡು ಬರ್ತೇವಿ" ಅಂದರು.

ಎದುರಿನ ಮನೆಯವರು ಕಂಬ ವಾಪಸ್ ಹೊತ್ತು ತಂದರು. ಕಾಕಾ ಕೆಲಸ ಹಚ್ಚಿದ. ಒಬ್ಬರಿಗೆ ಹಿಡಿ, ಒಬ್ಬರಿಗೆ ಬೆಣೆ ಬಡಿ. ನನಗೆ ಮಾತ್ರ ಏನೂ ಹೇಳಲಿಲ್ಲ. ನಾನಾಗಿಯೇ ಹೋಗಿ ನಡುಗೋಡೆಯ ಹತ್ತಿರದ ಕಂಬ ಹಿಡಿದೆ. ಮುಂದಿನ ಜಂತಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು. ಮೇಲಿನ ಮಣ್ಣು ನನ್ನ ತಲೆ, ಕಣ್ಣು, ಬಾಯಿಗೆ ಬೀಳುತ್ತಿತ್ತು. ಕಂಬ ನನ್ನ ಕೈಯೊಳಗೆ ಉಸಿರಾಡುತ್ತಿತ್ತು. ಸುಮ್ಮನೆ ಹೇಳುತ್ತಿಲ್ಲ, ಭಾರ ಒಂದು ಸಲ ಬರುತ್ತಿತ್ತು, ಒಂದು ಸಲ ಹೋಗುತ್ತಿತ್ತು. ಕಾಕಾ ತೊಲೆಗೆ ಕಿವಿ ಹಚ್ಚಿ ನಿಂತಿದ್ದ. ಮಿಲ್ಲಿನಲ್ಲಿ ಹೀಗೇ ನಿಲ್ಲುತ್ತಿದ್ದನೇನೋ.

ಇದ್ದಕ್ಕಿದ್ದ ಹಾಗೆ "ಬಿಡು ಲೇ, ಹೊರಗ!" ಅಂದ.

ನನಗೆ ಏನೂ ಕೇಳಿಸಿರಲಿಲ್ಲ. ಏನೂ ಅಲುಗಿರಲಿಲ್ಲ. ಆದರೆ ಅವನು ಹೇಳಿದ್ದು ಖರೆಯೋ ಸುಳ್ಳೋ ಎಂದು ನಾನು ಕೇಳುತ್ತ ನಿಲ್ಲಲಿಲ್ಲ. ಕಂಬ ಬಿಟ್ಟು ಓಡಿದೆ. ಅಂಗಿ ಹಿಡಿದು ಅವನೂ ಎಳೆದ. ಇಬ್ಬರೂ ರಸ್ತೆಗೆ ಬಿದ್ದೆವು. ಹಿಂದೆ, ನಾನು ನಿಂತಿದ್ದಲ್ಲಿ, ಒಂದು ಬಂಡಿ ತುಂಬುವಷ್ಟು ಮಣ್ಣು ಧಪ್ಪೆಂದು ಕೂತಿತು. ಧೂಳು ಇಳಿದ ಮೇಲೆ ನೋಡಿದರೆ ಉಳಿದ ಟೇಕುಗಳು ನಿಂತಿದ್ದವು. ಗೋಡೆಯೂ ನಿಂತಿತ್ತು. ಮೇಲಿನಿಂದ ಕೆಳಗೆ ಒಂದು ಸೀಳು ಬಿಟ್ಟಿತ್ತು, ಎರಡೂ ಮನೆಯ ಕಡೆಯಿಂದ ಕಾಣುವ ಹಾಗೆ.

ಕಾಕಾ ಎದ್ದು ಧೋತರ ಜಾಡಿಸಿಕೊಂಡು ಒಳಗೆ ಹೋದ. ಬೈಯಲಿಲ್ಲ. ಬೈದಿದ್ದರೆ ಅದನ್ನೂ ಎಲ್ಲಿ ನಕಲಿ ಮಾಡುತ್ತೇನೋ ಅಂದುಕೊಂಡನೇನೋ.

ಸಂಜೆ ಜೆಸಿಬಿ ಉಳಿದದ್ದನ್ನು ಬಳಿದುಕೊಂಡು ಹೋಯಿತು. ಸಾಹೇಬರು ಸೀಳು ನೋಡಿ, ಗೋಡೆ ಕಟ್ಟುವ ಗವಂಡಿಯನ್ನು ಕರೆಸಿ, ಅದರ ಮೇಲೆ ಅಡ್ಡಲಾಗಿ ಬೆರಳಗಲದ ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಿಂದ ಕೂರಿಸಲು ಹೇಳಿದರು. ನಮ್ಮ ಕಡೆ ಒಂದೇ, ಕಾಕಾನ ಕಡೆ ಗೋಡೆಗೆ ಮೆತ್ತಿದ ಗಿಲಾವು ಗಾಜು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. "ಗ್ವಾಡಿ ಸರಿದ್ರ ಮೊದಲ ಗಾಜ ಒಡೀತದ. ಒಡೀತಂದ್ರ ಒಳಗ ಒಂದು ನಿಮಿಷ ಇರಬ್ಯಾಡ್ರಿ" ಅಂದರು.

ಈಗ ರಸ್ತೆ ಆಗಿದೆ. ಬಸ್ ಸ್ಟ್ಯಾಂಡಿಗೆ ಛತ್ತು ಹಾಕಿದ್ದಾರೆ, ಚಿಮಣಿ ಹೋಗಿದೆ. ಎರಡು ಬಸ್ಸು ಎದುರಾದರೆ ಈಗ ಯಾರೂ ಹಿಂದೆ ಸರಿಯುವುದಿಲ್ಲ, ಎರಡೂ ಜೋರಾಗಿಯೇ ಹೋಗುತ್ತವೆ. ಅವು ಹೋದಾಗೆಲ್ಲ ನಮ್ಮ ರೊಟ್ಟಿ ಡಬ್ಬಿ ಗಲಗಲ ಅನ್ನುತ್ತದೆ. ಅವ್ವ ಹಿಂದಿನ ಅಂಕಣದಲ್ಲಿ, ಗಾಜಿನ ಪಟ್ಟಿಗೆ ಬೆನ್ನು ಮಾಡಿ ಬಡಿಯುತ್ತಾಳೆ. ನಾನು ಮುಖ ಮಾಡಿ ಕೂಡುತ್ತೇನೆ. ನನಗೆ ಬೇರೆ ಕೆಲಸವಿದ್ದರೂ ಕಣ್ಣು ಅಲ್ಲೇ. ಮದುವೆಗಳಲ್ಲಿ ಈಗಲೂ ಕಂಡಕ್ಟರ್ ಮಾಡುತ್ತೇನೆ, ಮಾಸ್ತರರನ್ನು ಮಾಡುತ್ತೇನೆ. ಇಂಜಿನಿಯರ್ ಧ್ವನಿ ಕೇಳಿದರೆ ಬರುವುದಿಲ್ಲ ಅನ್ನುತ್ತೇನೆ.

ಮೊದಲ ಬಸ್ಸು ಹೋದ ಕೂಡಲೇ ದಿನಾ ಆ ಕಡೆಯಿಂದ ಗೋಡೆಗೆ ಬೆರಳು ತಟ್ಟುವ ಸದ್ದು.

"ಗಾಜು?"

"ಗಟ್ಟಿ ಅದರೀ ಕಾಕಾ."

ಅಷ್ಟು ಕೇಳಿಯೂ ಅವನು ಚಪ್ಪಲಿ ಮೆಟ್ಟಿ ಸುತ್ತಿಕೊಂಡು ನಮ್ಮ ಮನೆಗೆ ಬರುತ್ತಿದ್ದ, ಗಾಜಿನ ಮೇಲೆ ಉಗುರಿನಿಂದ ತಾನೇ ಗೀರಿ ನೋಡುತ್ತಿದ್ದ, ನನ್ನ ಜತೆ ಮಾತಾಡದೆ ಹೋಗುತ್ತಿದ್ದ. ಎರಡು ಮಳೆಗಾಲ ಕಳೆಯುವವರೆಗೂ ಹಾಗೇ ನಡೆಯಿತು.

ಹೋದ ವಾರ ಒಂದು ಮುಂಜಾನೆ ಜೇವರ್ಗಿಯ ಬಸ್ಸು ಹೋಯಿತು. ಬೆರಳು ತಟ್ಟಿತು. "ಗಾಜು?"

ನಾನು ಎದ್ದು ಹತ್ತಿರ ಹೋಗಿ ನೋಡಿದೆ. ಫೋನಿನ ಬೆಳಕು ಹಿಡಿದು ಈ ತುದಿಯಿಂದ ಆ ತುದಿಗೆ ನೋಡಿದೆ. ಸಾಲದ್ದಕ್ಕೆ ಬೆರಳಾಡಿಸಿದೆ. ದಿನಾ ಹೀಗೇ ನೋಡುತ್ತೇನೆ.

"ಗಟ್ಟಿ ಅದರೀ ಕಾಕಾ" ಅಂದೆ.

ಚಪ್ಪಲಿಯ ಸದ್ದಿಗೆ ಕಾದೆ. ಅದು ಬರಲಿಲ್ಲ. ಗೋಡೆಯ ಆಚೆ ಬೆಂಕಿಪೊಟ್ಟಣ ಗೀರಿದ ಸದ್ದು, ಬೀಡಿಯ ಮೊದಲ ಕೆಮ್ಮು. ನನ್ನ ಮಾತು ಕೇಳಿ ಅವನು ಅಲ್ಲೇ ಕೂತಿದ್ದ.

ಅವನು ಹಾಗೆ ಕೂತ ಮೇಲೆ ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು. ಮತ್ತೆ ಎದ್ದು ಹೋಗಿ ಗಾಜು ನೋಡಿದೆ.